ಕೂಸು ಹುಟ್ಟಿತು, ಕುಲಾವಿ ಪರಿಶೀಲನೆಯಲ್ಲಿದೆ

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಎಂದು ಗಾದೆ ಕಟ್ಟಿ ನಕ್ಕವರು ಇವತ್ತಿನ ಹೆಣಿಗೆಯವರನ್ನು ಕಂಡಿರಲಿಲ್ಲ. ಈಗ ಕೂಸು ಹುಟ್ಟಿ, ಮಗುಚಿ, ಅಂಬೆಗಾಲಿಟ್ಟು, ಗೋಡೆ ಹಿಡಿದು ನಿಂತರೂ ಕುಲಾವಿಯ ಕಡತ ಮಾತ್ರ ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಇರುತ್ತದೆ.

ಕುಲಾವಿಯೇನು ಅಣೆಕಟ್ಟಲ್ಲ. ಆಗಷ್ಟೇ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಟೋಪಿ ಜಾರದೆ ಕೂರಬೇಕಾದರೆ ಅದಕ್ಕಿಂತ ಶೇ. 10ರಷ್ಟು ಚಿಕ್ಕದಿರಬೇಕು, 32 ಸೆಂ.ಮೀ. ಸಾಕು. 10 ಸೆಂ.ಮೀ.ಗೆ 22 ಕುಣಿಕೆ ಬೀಳುವ ನೂಲಾದರೆ ಕಡ್ಡಿಗೆ 70 ಕುಣಿಕೆ ಹಾಕಿ ನಲವತ್ತು ಸುತ್ತು ಹೆಣೆದರೆ ಆಯಿತು. ಒಟ್ಟು 2,800 ಕುಣಿಕೆ. ನೆತ್ತಿಯ ಹತ್ತಿರ ಇಳಿಸುತ್ತಾ ಹೋಗುವುದರಿಂದ ಅಷ್ಟೂ ಇಲ್ಲ. ನಿಮಿಷಕ್ಕೆ 25 ಕುಣಿಕೆ ಹೆಣೆಯುವ ಸಾಧಾರಣ ಕೈಗೆ ಎರಡು ಗಂಟೆಯೊಳಗಿನ ಕೆಲಸ. ಬಣ್ಣ ಆರಿಸಲು ಮೂರು ತಿಂಗಳು, ಯೋಜನೆ ಬರೆಯುವ ಡೈರಿಯ ಹೊದಿಕೆ ಆರಿಸಲು ಇನ್ನೊಂದು ತಿಂಗಳು ಹಿಡಿದರೆ ಅದಕ್ಕೆ ಕಡ್ಡಿ ಹೊಣೆಯಲ್ಲ.

ಹೆಣಿಗೆ ಎಂಬ ಹವ್ಯಾಸವನ್ನು ಹೆಣಿಗೆಯ ಯೋಜನೆ ಎಂಬ ಹವ್ಯಾಸ ನುಂಗಿ ನೀರು ಕುಡಿದಿದೆ. ಒಂದು ಡೈರಿ, ಒಂದು ಆ್ಯಪ್, ಒಂದು ಸ್ಪ್ರೆಡ್‌ಶೀಟ್, ಗೋಡೆಗೊಂದು ಬೋರ್ಡು. ಸ್ಪ್ರೆಡ್‌ಶೀಟಿನಲ್ಲಿ ಹದಿನಾಲ್ಕು ಕಾಲಂ. ಹನ್ನೊಂದನೆಯದು ‘ಹೆಣೆಯುವಾಗಿನ ಮನಸ್ಥಿತಿ’. ‘ಹೆಣೆದ ಸಾಲುಗಳು’ ಎಂಬುದು ಹದಿನಾಲ್ಕನೆಯದು, ಪರದೆಯ ಆಚೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ವರ್ಷದ ಗುರಿ: ತಿಂಗಳಿಗೊಂದರಂತೆ 12 ಸ್ವೆಟರ್.

ಈ ಹದಿನಾಲ್ಕರಲ್ಲಿ ಎಲ್ಲೂ ಇಲ್ಲದ್ದು ಒಂದು ಗುಣಾಕಾರ. 100 ಸೆಂ.ಮೀ. ಎದೆಯ ಸ್ವೆಟರ್‌ಗೆ, 10 ಸೆಂ.ಮೀ.ಗೆ 20 ಕುಣಿಕೆ 28 ಸಾಲು ಎಂದುಕೊಂಡರೆ, ಮೈಯ ಭಾಗಕ್ಕೆ 200 ಕುಣಿಕೆ, 60 ಸೆಂ.ಮೀ. ಉದ್ದಕ್ಕೆ 168 ಸಾಲು. ಅಲ್ಲಿಗೆ 33,600. ಎರಡು ತೋಳು ಸೇರಿದರೆ 50,000ದ ಆಸುಪಾಸು. ಅದೇ 25ರ ವೇಗದಲ್ಲಿ 2,000 ನಿಮಿಷ. ದಿನಕ್ಕೆ 20 ನಿಮಿಷ ಕೂತರೆ 100 ದಿನ. ಒಂದು ದಿನವೂ ತಪ್ಪದೆ, ಒಂದು ಸಾಲೂ ಬಿಚ್ಚದೆ ಹೆಣೆದರೆ ವರ್ಷಕ್ಕೆ ಮೂರೂವರೆ ಸ್ವೆಟರ್. ಉಳಿದ ಎಂಟೂವರೆಯನ್ನು ಸ್ಪ್ರೆಡ್‌ಶೀಟೇ ಹೆಣೆದುಕೊಳ್ಳಬೇಕು.

ಯೋಜನೆ ನಿಜಕ್ಕೂ ಬೇಕಾಗುವ ಜಾಗವೊಂದಿದೆ, ಅಳತೆ ನೋಡಲು ಮೊದಲು ಹೆಣೆಯುವ ಮಾದರಿ ತುಂಡು. ಯೋಜಕರು ಅಲ್ಲಿಗೆ ಬಂದಾಗ ಮಾತ್ರ ಅವರಿಗೆ ಎಲ್ಲಿಲ್ಲದ ಅವಸರ. ‘ನನ್ನ ಕೈ ಅಳತೆ ನನಗೆ ಗೊತ್ತು’ ಅಂದುಬಿಡುತ್ತಾರೆ. ಕೈಗೆ ಗೊತ್ತಿರಬಹುದು, ನೂಲಿಗೆ ಗೊತ್ತಿರುವುದಿಲ್ಲ. ಕನಿಷ್ಠ 30 ಕುಣಿಕೆ ಹಾಕಿ 12–13 ಸೆಂ.ಮೀ. ಎತ್ತರ ಹೆಣೆದು, ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಎಳೆಯದೆ ಮಟ್ಟಸವಾಗಿ ಹಾಸಿ ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಇವೆ ಎಂದು ಎಣಿಸಬೇಕು. ಅಂಚಿನ ಕುಣಿಕೆಗಳು ಸುಳ್ಳು ಸಾಕ್ಷಿ, ಅವನ್ನು ನಂಬಬಾರದು. ಹತ್ತು ಕುಣಿಕೆಯ ತುಂಡಿನಲ್ಲಿ ಅಂಚು ಬಿಟ್ಟರೆ ಅಳೆಯಲು ಉಳಿಯುವುದೇನು? ಸುತ್ತಿನಲ್ಲಿ ಹೆಣೆಯುವ ಸ್ವೆಟರ್‌ಗೆ ಮಾದರಿಯೂ ಸುತ್ತಿನಲ್ಲೇ ಇರಬೇಕು. ಹೋಗಿ ಬಂದು ಹೆಣೆದರೆ ನಡುನಡುವೆ ಉಲ್ಟಾ ಸಾಲು ಸೇರುತ್ತದೆ, ಎಷ್ಟೋ ಜನರ ಕೈಯಲ್ಲಿ ಅದು ಸೀದಾ ಸಾಲಿಗಿಂತ ಸಡಿಲ ಬರುತ್ತದೆ. 20 ಬೀಳಬೇಕಾದ ಕಡೆ 22 ಬಿತ್ತು ಅನ್ನಿ. ಎರಡೇ ಕುಣಿಕೆ ತಾನೇ? 200 ಕುಣಿಕೆಯ ಸ್ವೆಟರ್ 100 ಸೆಂ.ಮೀ. ಬದಲು 91 ಸೆಂ.ಮೀ.ಗೆ ನಿಲ್ಲುತ್ತದೆ. ಆಮೇಲೆ ಮೈ ಇಳಿಸುವ ಯೋಜನೆಗೆ ಹೊಸ ಡೈರಿ ತರಬೇಕು.

ಇನ್ನು ದಾಸ್ತಾನು. ಹೆಣೆಯಲು ಪುರುಸೊತ್ತಿಲ್ಲದವರಿಗೂ ನೂಲು ಕೊಳ್ಳಲು ಪುರುಸೊತ್ತು ಇದ್ದೇ ಇರುತ್ತದೆ. ಕಾಲುಚೀಲದ ತೆಳು ನೂಲು 100 ಗ್ರಾಂಗೆ ಸುಮಾರು 400 ಮೀಟರ್, ದೊಡ್ಡವರ ಒಂದು ಜೊತೆಗೆ ಸಾಕು. ಒಂದು ಜೊತೆ ಹತ್ತಿರ ಹತ್ತಿರ 25,000 ಕುಣಿಕೆ, ಅಂದರೆ ನಮ್ಮ 20 ನಿಮಿಷದ ಲೆಕ್ಕದಲ್ಲಿ 50 ದಿನ. ಪೆಟ್ಟಿಗೆಯಲ್ಲಿ 40 ಉಂಡೆ ಇದ್ದರೆ ಐದೂವರೆ ವರ್ಷ, ಕಾಲುಚೀಲ ಬಿಟ್ಟು ಬೇರೇನೂ ಮುಟ್ಟದೆ. ಇಂಗ್ಲಿಷಿನ ಹೆಣಿಗೆಯವರು ಇದಕ್ಕೆ ‘ಸೇಬಲ್’ ಎಂಬ ಅಡ್ಡಹೆಸರನ್ನೇ ಇಟ್ಟಿದ್ದಾರೆ: ಆಯುಸ್ಸಿಗಿಂತ ಉದ್ದದ ದಾಸ್ತಾನು. ಇಷ್ಟೆಲ್ಲ ಇದ್ದೂ ಸ್ವೆಟರ್ ಶುರು ಮಾಡಿದರೆ ಒಂದು ಉಂಡೆ ಕಡಿಮೆ ಬೀಳುತ್ತದೆ, ಅದೇ ಬಣ್ಣ ತಂದರೆ ಡೈ ಲಾಟ್ (ಒಟ್ಟಿಗೆ ಬಣ್ಣಕ್ಕೆ ಅದ್ದಿದ ಕಂತು) ಸಂಖ್ಯೆ ಬೇರೆ. ಚೀಟಿಯಲ್ಲಿ ಬಣ್ಣದ ಹೆಸರು ಒಂದೇ, ಹಗಲ ಬೆಳಕಿನಲ್ಲಿ ತೋಳು ಒಂದು ಬಣ್ಣ, ಮೈ ಇನ್ನೊಂದು. ಹಳೆಯದು ಮುಗಿಯುವ ಮೊದಲೇ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಬೆರೆಸುತ್ತಾ ಹೋದರೆ ಕಣ್ಣಿಗೆ ಹೊಡೆಯುವುದಿಲ್ಲ. ಅದಕ್ಕೂ ಮೊದಲು ಒಂದು ಉಂಡೆ ಹೆಚ್ಚೇ ಕೊಳ್ಳುವುದು ಜಾಣತನ. ಈ ವಿಷಯದಲ್ಲಿ ಮಾತ್ರ ದಾಸ್ತಾನುಗಾರರು ಯಾಕೋ ಮಿತವ್ಯಯಿಗಳು. ಪೆಟ್ಟಿಗೆಯ ತಳದಲ್ಲಿರುವುದನ್ನು ಯೋಜನೆಗೆ ಮೊದಲೇ ನುಸಿಯ ಮರಿಗಳು ಕೈಗೆತ್ತಿಕೊಂಡಿರುತ್ತವೆ. ಅವುಗಳಿಗೆ ಡೈರಿ ಬೇಕಿಲ್ಲ.

ಶಂಕುಸ್ಥಾಪನೆಗಳಿಗಂತೂ ಬರವಿಲ್ಲ. ಕುಣಿಕೆ ಹಾಕಿ ಆರು ಸಾಲು ಹೆಣೆದು ಫೋಟೊ ತೆಗೆದರೆ ಕಾಮಗಾರಿ ಆರಂಭವಾದಂತೆ. ಹೀಗೆ ಅರ್ಧಕ್ಕೆ ನಿಂತ ಕೆಲಸಗಳ ಒಂಬತ್ತು ಚೀಲಗಳಾದಾಗ 4 ಮಿ.ಮೀ. ಕಡ್ಡಿಗಳೆಲ್ಲ ಒಂದಲ್ಲ ಒಂದರಲ್ಲಿ ಸೆರೆ. ಹತ್ತನೆಯದಕ್ಕೆ ಮೂರನೆಯದರ ಕಡ್ಡಿ ಎಳೆದುಕೊಳ್ಳುತ್ತಾರೆ. ವರ್ಷದ ಮೇಲೆ ಮೂರನೆಯದಕ್ಕೆ ಕೈಗೆ ಸಿಕ್ಕ ಕಡ್ಡಿ ಹಾಕಿ ಮುಂದುವರಿಸುತ್ತಾರೆ. ಅದು 3.5 ಮಿ.ಮೀ. ಎಂದು ತಿಳಿಯುವುದು ಬಟ್ಟೆಗೆ ನಡು ಬಂದಾಗ. ಚೀಲದಲ್ಲಿ ಕಡ್ಡಿಯ ಅಳತೆ, ನಿಂತ ಸಾಲು ಬರೆದ ಬೆರಳಗಲದ ಚೀಟಿ ಇದ್ದಿದ್ದರೆ ಸಾಕಿತ್ತು. ಹದಿನಾಲ್ಕು ಕಾಲಂ ತುಂಬಿದ ಕೈಗೆ ಚೀಟಿ ಬರೆಯುವುದು ಸಣ್ಣ ಕೆಲಸ ಅನ್ನಿಸುತ್ತದೆ.

ಒಂದು ತೋಳು ಮುಗಿದ ಮೇಲೆ ಎರಡನೆಯದು ಶುರುವೇ ಆಗದ ಕತೆ ಎಲ್ಲರಿಗೂ ಗೊತ್ತಿರುವುದೇ. ಉದ್ದನೆಯ ಒಂದೇ ಸರ್ಕ್ಯುಲರ್ ಕಡ್ಡಿಯ (ಎರಡು ತುದಿಗಳನ್ನು ಬಳುಕುವ ತಂತಿ ಜೋಡಿಸಿರುವ ಕಡ್ಡಿ) ಮೇಲೆ ಎರಡು ಉಂಡೆಗಳಿಂದ ಎರಡೂ ತೋಳನ್ನು ಜೊತೆಗೇ ಹೆಣೆದರೆ ಎರಡೂ ಒಟ್ಟಿಗೇ ಮುಗಿಯುತ್ತವೆ, ಅಥವಾ ಎರಡೂ ಒಟ್ಟಿಗೇ ನಿಲ್ಲುತ್ತವೆ. ನಿಂತರೂ ಸರಿಸಮವಾಗಿ.

ಅಭ್ಯಾಸದ ವಿಷಯಕ್ಕೆ ಬಂದರೆ, 21 ದಿನ ಬಿಡದೆ ಮಾಡಿದರೆ ಯಾವುದೂ ರೂಢಿಯಾಗುತ್ತದೆ ಎಂಬ ಮಂತ್ರ. ಅದರ ಮೂಲ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಮಾತು: ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕು. ಮೂಗಿನ ಲೆಕ್ಕವನ್ನು ಕಡ್ಡಿಗೆ ಹಚ್ಚಿದ್ದಾರೆ. ಮುಂದೆ ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಿಜವಾಗಿ ಅಳೆದು 2010ರಲ್ಲಿ ಪ್ರಕಟಿಸಿದಾಗ ಬಂದ ಅಂಕಿ 18ರಿಂದ 254 ದಿನ, ನಡುವಿನದು 66. ಒಂದು ದಿನ ತಪ್ಪಿದರೆ ಅಂಥ ನಷ್ಟವಿಲ್ಲ ಎಂಬುದೂ ಕಂಡುಬಂತು. ಆ್ಯಪ್‌ಗೆ ಈ ಉದಾರತೆ ಇಲ್ಲ. ಆದ್ದರಿಂದ ರಾತ್ರಿ 11:58ಕ್ಕೆ ಎದ್ದು, ದೀಪವನ್ನೂ ಹಾಕದೆ ಒಂದೇ ಕುಣಿಕೆ ಹೆಣೆದು ‘ಸತತ 143 ದಿನ’ ಉಳಿಸಿಕೊಳ್ಳುವವರಿದ್ದಾರೆ. ಸಾಲಿನ ಮಧ್ಯೆ ಹಾಗೆ ಬಿಟ್ಟದ್ದನ್ನು ಬೆಳಗ್ಗೆ ಎತ್ತಿಕೊಳ್ಳುವಾಗ, ಉಂಡೆಗೆ ಹೋಗುವ ನೂಲು ಬಲಗೈ ಕಡ್ಡಿಯಿಂದ ಇಳಿದಿರಬೇಕು. ತಿರುಗಿಸಿ ಹಿಡಿದರೆ ಬಂದ ದಾರಿಗೇ ಹೊರಡುತ್ತೀರಿ, ತಿರುವಿನಲ್ಲಿ ಒಂದು ತೂತು. 143 ದಿನಕ್ಕೆ 143 ಕುಣಿಕೆ, ಅಂದರೆ ಕುಲಾವಿಯ ಎರಡು ಸುತ್ತು, ಮೇಲೆ ಮೂರು.

ಅಷ್ಟರಲ್ಲಿ ಕೂಸಿಗೆ ವರ್ಷ ತುಂಬಿದೆ. ತಲೆ ಈಗ 46 ಸೆಂ.ಮೀ. ಆಸುಪಾಸು, ಟೋಪಿಗೆ 92 ಕುಣಿಕೆ ಬೇಕು. ಕಡ್ಡಿಯ ಮೇಲಿರುವುದು 70. ಕಡತಕ್ಕೆ ‘ಪರಿಷ್ಕೃತ–4’ ಎಂದು ಹೆಸರಿಟ್ಟು ಹದಿನೈದನೆಯ ಕಾಲಂ ತೆರೆಯಲಾಗಿದೆ. ಅದಕ್ಕೆ ಯಾವ ಬಣ್ಣ ಹಚ್ಚಬೇಕೆಂಬ ಚರ್ಚೆ ನಡೆದಿದೆ.