ಅರ್ದಬೀಲನ್ನು ಬಿಟ್ಟರೆ ಹೇಗೆ?

‘ಸೂಫಿಗಳು ಅರಮನೆಯಿಂದ ಸದಾ ದೂರವೇ ಇದ್ದರು’ ಎಂದು ಸೂಫಿಗಳ ಕುರಿತ ಲೇಖನದಲ್ಲಿ ಲೇಖಕರು ಹೇಳಿದ ಮಾತನ್ನು ಒಪ್ಪಲಾರೆ. ಚಿಶ್ತಿ ಎಂಬ ಸೂಫಿ ಪಂಥದ ಸಂತರಲ್ಲಿ ಕೆಲವರ ಮಟ್ಟಿಗೆ ಅದು ಸರಿ. ಆದರೆ ಸೂಫಿ ಪಂಥದಿಂದಲೇ ಹುಟ್ಟಿ ಇರಾನನ್ನು ಆಳಿದ ಸಫವಿ ಮನೆತನ? ಇರಾನಿನ ಅರ್ದಬೀಲ್ ಊರಿನ ಶೇಖ್ ಸಫಿಯುದ್ದೀನರ ಆ ಪಂಥ 15ನೇ ಶತಮಾನದಲ್ಲಿ, ಅದರ ಗುರುಗಳಾದ ಜುನೈದ್ ಮತ್ತು ಹೈದರ್ ಕಾಲಕ್ಕೆ, ಕತ್ತಿ ಹಿಡಿದಾಗಿತ್ತು. 12 ಮಡಿಕೆಯ ಕೆಂಪು ಟೋಪಿ ತೊಟ್ಟ ಮುರೀದರೇ, ಅಂದರೆ ಶಿಷ್ಯರೇ, ಸೈನ್ಯ. 1501ರಲ್ಲಿ ತಬ್ರೀಜ್‌ನಲ್ಲಿ ಪಟ್ಟಕ್ಕೇರಿದ ಹದಿಹರೆಯದ ಮೊದಲ ಸಫವಿ ಅರಸ ಇಸ್ಮಾಯಿಲ್ ಈ ಮುರೀದರಿಗೆ ಗುರುವೂ ಹೌದು, ದೊರೆಯೂ ಹೌದು. ಗುರುವಿಗಾಗಿ ಪ್ರಾಣ ಕೊಡುವ ಶಿಷ್ಯರಿಗಿಂತ ದೊಡ್ಡ ರಾಜಕೀಯ ಬಲ ಬೇರೆ ಯಾವುದಿತ್ತು? ಆ ಬಲ ಗೊತ್ತಿದ್ದ ಸಫವಿ ಅರಸರೇ ಆಮೇಲೆ ಉಳಿದ ಸೂಫಿ ಪಂಥಗಳನ್ನು ಹತ್ತಿಕ್ಕಿದರು. ನಮ್ಮ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೂಡ ತನ್ನ ಸೈನಿಕರಿಗೆ ಅಂಥದೇ ಟೋಪಿ ತೊಡಿಸಿದ್ದ. ಲೇಖನದಲ್ಲಿ ಇದರ ಸುಳಿವೇ ಇಲ್ಲ.