ಗದ್ದೆಗೆ ಮಣ್ಣು ಹಾಕಿದ ಮೇಲೆ ಇಲಿ ಎಲ್ಲಿಗೆ ಹೋಯ್ತು?

ನವೆಂಬರ್ ಕೊನೆಗೆ ನಮ್ಮ ಗೋಡೌನಿನ ಬಾಗಿಲು ತೆಗೆದೆವು. ಮಳೆಗಾಲ ಪೂರ್ತಿ ಮುಚ್ಚಿಟ್ಟಿದ್ದು. ಕಾಫಿ ಕೊಯ್ಲು ಶುರುವಾಗುವ ಮೊದಲು ಪ್ರತಿ ವರ್ಷ ಇದೊಂದು ಕೆಲಸ. ಹಳೇ ಗೋಣಿಚೀಲ ಕೊಡವಿ, ಕಸ ಗುಡಿಸಿ, ನೆಲ ಒಣಗಿಸಿ ಇಟ್ಟುಕೊಳ್ಳಬೇಕು.

ಈ ಸಲ ಮೂಲೆಯ ಚೀಲದ ರಾಶಿ ಎತ್ತಿದರೆ ಅಡಿಯಲ್ಲಿ ಒಂದು ಗೂಡು. ಗೋಣಿಯ ನಾರನ್ನು ಎಳೆ ಎಳೆಯಾಗಿ ಬಿಡಿಸಿ, ಹತ್ತಿಯಷ್ಟು ಮೆತ್ತಗೆ ಮಾಡಿ ಸುತ್ತಿಟ್ಟಿತ್ತು. ಒಳಗೆ ಆರು ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸುತ್ತ ಅಕ್ಕಿಕಾಳಿನಷ್ಟು ದಪ್ಪದ ಕಪ್ಪು ಹಿಕ್ಕೆ, ಒಣಗಿ ಉದುರುದುರಾಗಿತ್ತು. ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕ ಪೊರಕೆ ತಗೊಂಡು ಜೋರಾಗಿ ಗುಡಿಸಲು ಶುರು ಮಾಡಿದರು. ಕಿಟಕಿಯ ಬಿಸಿಲಲ್ಲಿ ಧೂಳು ಎದ್ದು ಅವರ ಮುಖದ ಸುತ್ತ ತೇಲಾಡೋದು ಕಾಣ್ತಿತ್ತು.

"ಅಕ್ಕ, ನಿಲ್ಲಿ ಸ್ವಲ್ಪ. ಗುಡಿಸಬೇಡಿ" ಅಂದೆ.

"ಯಾಕೆ? ಪ್ರತಿ ವರ್ಷ ಗುಡಿಸೋದೇ ಅಲ್ವಾ?"

"ಈ ಸಲ ಇಲಿ ಜಾಸ್ತಿ ಇದೆ ಅಕ್ಕ."

"ಜಾಸ್ತಿ ಆಗದೆ ಇನ್ನೇನು? ಕೆಳಗಿನ ಗದ್ದೆಗೆ ಮಣ್ಣು ಹಾಕಿದರಲ್ಲ, ಆವತ್ತಿಂದ ನಮ್ಮ ಲೈನ್ ಮನೆಯ ಮಾಡಿನಲ್ಲಿ ರಾತ್ರಿಯೆಲ್ಲ ಓಡಾಟ. ಮಕ್ಕಳಿಗೆ ನಿದ್ದೆಯಿಲ್ಲ."

ನಾನು ಪುಸ್ತಕ ಓದಿ ತಿಳಿದುಕೊಂಡ ವಿಷಯವನ್ನು ಅವರು ತೋಟದ ಕೆಲಸದವರ ಲೈನ್ ಮನೆಯಲ್ಲಿ, ಮಾಡಿನ ಕೆಳಗೆ ಮಲಗಿ ತಿಳಿದುಕೊಂಡಿದ್ದರು. ಅದಕ್ಕೇ ಇದನ್ನು ಬರೀತಾ ಇದ್ದೇನೆ.

ಆ ಗದ್ದೆ ನನ್ನ ಕಣ್ಣ ಮುಂದೆಯೇ ಬದಲಾಯ್ತು. ಮೊದಲು ಭತ್ತ. ಆಮೇಲೆ ಕೆಲಸದವರು ಸಿಗಲ್ಲ ಅಂತ ಪಾಳು ಬಿಟ್ಟರು. ಆಮೇಲೆ ಶುಂಠಿಗೆ ಗುತ್ತಿಗೆ. ಈಗ ಲಾರಿ ಲಾರಿ ಮಣ್ಣು ಬಿದ್ದು ಸೈಟ್ ಆಗಿದೆ. ಪಕ್ಕದ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಮರಗಳ ಜಾಗದಲ್ಲಿ, ಹಳೇ ಮರಗಳು ಹೋಗಿ ಸಾಲಾಗಿ ಸಿಲ್ವರ್ ಓಕ್ ನಿಂತಿದೆ. ಕೊಡಗಿನಲ್ಲಿ ಯಾವ ಊರಿಗೆ ಹೋದರೂ ಇದೇ ಕಥೆ. 1977ರಿಂದ 1997ರ ಒಳಗೆ ಜಿಲ್ಲೆಯ ಕಾಡು ಸುಮಾರು ಶೇ 28ರಷ್ಟು ಕಡಿಮೆಯಾಯಿತು. ದೇವರಕಾಡುಗಳು 1905ರಲ್ಲಿ ಆರು ಸಾವಿರ ಹೆಕ್ಟೇರಿಗಿಂತ ಹೆಚ್ಚಿದ್ದವು, 1985ರ ಹೊತ್ತಿಗೆ ಎರಡೂವರೆ ಸಾವಿರಕ್ಕೆ ಇಳಿದವು. ಇದರಲ್ಲಿ ಕಾಫಿಯವರಾದ ನಮ್ಮ ಪಾಲು ಇದೆ. ಅದನ್ನು ಮುಚ್ಚಿಡೋದು ಸರಿಯಲ್ಲ.

ನೆಲ ಬದಲಾದಾಗ ಆನೆ ಬಂತು, ಹುಲಿ ಬಂತು ಅಂತ ನಾವೆಲ್ಲ ಮಾತಾಡುತ್ತೇವೆ. ಮಾತಾಡಲೇಬೇಕು, ಜನ ಸಾಯ್ತಾ ಇದ್ದಾರೆ. ಆದರೆ ಇಲಿಯ ಲೆಕ್ಕ ಯಾರೂ ತೆಗೆಯಲ್ಲ.

ಕಾಡಿನಲ್ಲಿ ಇಲಿ ಅಂದರೆ ಒಂದೇ ಜಾತಿ ಅಲ್ಲ. ನಮ್ಮ ಘಟ್ಟದಲ್ಲಿ ಒಂದು ಪುಟ್ಟ ಮುಳ್ಳಿಲಿ ಇದೆ. ಬೆನ್ನಿನ ತುಪ್ಪಳದಲ್ಲಿ ಮುಳ್ಳು, ಬಾಲದ ತುದಿಯಲ್ಲಿ ಕುಂಚದ ಹಾಗೆ ಕೂದಲು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹಳೇ ಮರದ ಪೊಟರೆಯೇ ಅದರ ಮನೆ. ಮರ ಹೋದರೆ ಅದೂ ಹೋಯಿತು. ಮನೆ ಇಲಿ ಹಾಗಲ್ಲ. ಗೋಡೌನಿದ್ದರೆ ಗೋಡೌನು, ಮಾಡಿದ್ದರೆ ಮಾಡು, ಸಿಕ್ಕಿದ್ದೇ ಊಟ. ಬೇಗ ಬೆಳೆಯುತ್ತೆ, ಮೇಲಿಂದ ಮೇಲೆ ಮರಿ ಹಾಕುತ್ತೆ. ಕಾಡು ತುಂಡು ತುಂಡಾದಾಗ ಮುಳ್ಳಿಲಿಯಂಥವು ಕಣ್ಮರೆಯಾಗಿ ಇಂಥ ಗಟ್ಟಿ ಪ್ರಾಣಿಗಳು ಉಳಿಯುತ್ತವೆ. ಮನುಷ್ಯರಿಗೆ ದಾಟಬಲ್ಲ ರೋಗಾಣುಗಳು ಹೆಚ್ಚಾಗಿ ಸಿಗುವುದೂ ಇಂಥವುಗಳಲ್ಲೇ. 2020ರಲ್ಲಿ ವಿಜ್ಞಾನಿಗಳು ಪ್ರಪಂಚದ 6,801 ಕಡೆಯ ಪ್ರಾಣಿಗಳ ಲೆಕ್ಕ ಒಟ್ಟು ಹಾಕಿ ನೋಡಿದರು. ಹೊಲ, ತೋಟ, ಊರು ಆದ ಜಾಗದಲ್ಲಿ ಮನುಷ್ಯರಿಗೆ ರೋಗ ತರಬಲ್ಲ ಪ್ರಾಣಿಗಳ ಪಾಲು ಪಕ್ಕದ ಕಾಡಿಗಿಂತ ಜಾಸ್ತಿ ಇತ್ತು.

ಹಂಟಾ ವೈರಸ್ ಹೆಸರು ಕೇಳಿರಬಹುದು. ಕೊರಿಯಾದ ಹಂಟಾನ್ ನದಿಯ ಹೆಸರದು. 1950ರ ಯುದ್ಧದಲ್ಲಿ ಅಲ್ಲಿ ಸುಮಾರು ಮೂರು ಸಾವಿರ ಸೈನಿಕರಿಗೆ ಜ್ವರ, ರಕ್ತಸ್ರಾವ, ಕಿಡ್ನಿ ತೊಂದರೆ ಬಂತು. ಕಾರಣ ಗೊತ್ತಾಗಲಿಲ್ಲ. 1976ರಲ್ಲಿ ಲೀ ಹೋ ವಾಂಗ್ ಎಂಬ ವಿಜ್ಞಾನಿ ಹೊಲದ ಇಲಿಯ ಶ್ವಾಸಕೋಶದಲ್ಲಿ ಅದನ್ನು ಕಂಡುಹಿಡಿದರು. ತಮಾಷೆಯಲ್ಲ, ಅದಕ್ಕೂ ಮೊದಲೇ 1964ರಲ್ಲಿ ನಮ್ಮ ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲಿ ಒಂದು ಸುಂಡಿಲಿಯಲ್ಲಿ ತೊಟ್ಟಪಾಳಯಂ ವೈರಸ್ ಸಿಕ್ಕಿತ್ತು. ಅದೂ ಹಂಟಾ ಕುಟುಂಬದ್ದೇ ಅಂತ ತಿಳಿದದ್ದು ಎಷ್ಟೋ ವರ್ಷದ ನಂತರ.

ಹಂಟಾ ವೈರಸ್ ತನ್ನನ್ನು ಹೊತ್ತ ಇಲಿಯನ್ನು ಸಾಯಿಸುವುದಿಲ್ಲ. ಇಲಿ ಆರಾಮಾಗಿ ಓಡಾಡಿಕೊಂಡಿರುತ್ತೆ. ಗಂಡಿಲಿಗಳು ಕಚ್ಚಾಡುವಾಗ ಒಂದರಿಂದ ಇನ್ನೊಂದಕ್ಕೆ ಹರಡುತ್ತೆ. ಒಂದೇ ಜಾತಿ ಇಲಿ ಒಂದೇ ಜಾಗದಲ್ಲಿ ಕಿಕ್ಕಿರಿದರೆ ಕಚ್ಚಾಟ ಜಾಸ್ತಿ, ವೈರಸ್ಸೂ ಜಾಸ್ತಿ. ಪನಾಮಾ ದೇಶದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಕೆಲವು ಜಾಗಗಳಲ್ಲಿ ವೈರಸ್ ಹೊರುವ ಇಲಿಗಳನ್ನು ಬಿಟ್ಟು ಉಳಿದ ಸಣ್ಣ ಪ್ರಾಣಿಗಳನ್ನು ಹಿಡಿದು ತೆಗೆದರು. ಉಳಿದ ಇಲಿಗಳಲ್ಲಿ ಸೋಂಕು ಏರಿತು. ನೂರು ಬಗೆ ಜೀವ ಇರುವ ಕಾಡು ನಮಗೆ ತಡೆಗೋಡೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮನುಷ್ಯರಿಗೆ ಬರೋದು ಹೆಚ್ಚಾಗಿ ಧೂಳಿನಿಂದ. ಇಲಿಯ ಉಚ್ಚೆ, ಹಿಕ್ಕೆ ಒಣಗಿ ಪುಡಿಯಾಗಿ ಗಾಳಿಗೆ ಎದ್ದಾಗ ನಾವು ಉಸಿರು ಎಳೆದುಕೊಳ್ಳುತ್ತೇವೆ. ಅದಕ್ಕೇ ನಾನು ಅಕ್ಕನ ಕೈಯ ಪೊರಕೆ ನಿಲ್ಲಿಸಿದ್ದು.

ಅರ್ಜೆಂಟೀನಾದ ಕಥೆ ಓದಿದಾಗ ನನಗೆ ನಮ್ಮ ತೋಟದ ಜನವೇ ಕಣ್ಣ ಮುಂದೆ ಬಂದರು. ಅಲ್ಲಿಯ ದೊಡ್ಡ ಹುಲ್ಲುಗಾವಲು ಮೆಕ್ಕೆಜೋಳದ ಹೊಲವಾಯಿತು. ಅಲ್ಲಿಯ ಒಂದು ಸಣ್ಣ ಇಲಿಗೆ ಆ ಹೊಲ, ಅದರ ಬದು ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. 1950ರ ದಶಕದಲ್ಲಿ ಕೊಯ್ಲಿನ ಸಮಯಕ್ಕೆ ಸರಿಯಾಗಿ ಜ್ವರ ಬಂದು ಜನ ಸಾಯತೊಡಗಿದರು. 1958ರಲ್ಲಿ ಈ ಜ್ವರಕ್ಕೆ ಕಾರಣವಾದ, ಆ ಇಲಿ ಹೊರುವ ಹುನಿನ್ ವೈರಸ್ ಪತ್ತೆಯಾಯಿತು. ಕಾಯಿಲೆ ಬಿದ್ದವರು ಹೊಲದ ಯಜಮಾನರಿಗಿಂತ ಹೆಚ್ಚಾಗಿ ಕೊಯ್ಲಿಗೆ ಬಂದ ಕೂಲಿಯವರು.

ಇನ್ನು ಹೋಂಸ್ಟೇ ನಡೆಸುವ ಗೆಳೆಯರಿಗೆ ಒಂದು ಮಾತು. 2012ರಲ್ಲಿ ಅಮೆರಿಕದ ಯೊಸೆಮಿಟಿ ಕಾಡಿನ ಟೆಂಟ್ ಮನೆಗಳಿಗೆ ಪ್ರವಾಸ ಬಂದವರಲ್ಲಿ ಹಂಟಾ ಕಾಣಿಸಿಕೊಂಡಿತು. 10 ಜನಕ್ಕೆ ಬಂತು, 3 ಜನ ತೀರಿಕೊಂಡರು. ಚಳಿ ತಡೆಯಲಿ ಅಂತ ಗೋಡೆಯನ್ನು ಎರಡು ಪದರ ಮಾಡಿದ್ದರು. ಆ ಪದರದ ನಡುವೆ ಇಲಿಗಳು ಗೂಡು ಕಟ್ಟಿದ್ದವು. ಆ ವೈರಸ್ ಅಲ್ಲಿಯ ಇಲಿಯದ್ದು, ಕೊಡಗಿನದ್ದಲ್ಲ. ಆದರೆ ಕಾಡಂಚಿನಲ್ಲಿ ಮರದ ಹಲಗೆಯ ಕಾಟೇಜು ನಾವೂ ಕಟ್ಟುತ್ತಾ ಇದ್ದೇವೆ ಅಲ್ವಾ?

ದೂರದ ಮಾತು ಯಾಕೆ, ಮಂಗನ ಕಾಯಿಲೆ ನಮ್ಮ ಮಲೆನಾಡಿನದ್ದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಶುರು. ಪಾಪ, ಹೆಸರು ಮಂಗನ ತಲೆಗೆ ಕಟ್ಟಿದೆವು. ಅದೂ ನಮ್ಮ ಹಾಗೇ ಉಣುಗು ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಮರಿ ಉಣುಗುಗಳು ರಕ್ತ ಕುಡಿಯೋದು ಇಲಿ, ಸುಂಡಿಲಿ, ಅಳಿಲುಗಳ ಮೈಮೇಲೂ ಹೌದು. ಆ ಪ್ರಾಣಿಗಳಲ್ಲೂ ಈ ವೈರಸ್ ಸಿಕ್ಕಿದೆ. ಕಾಡು ಕಡಿದು ತೋಟ, ಗದ್ದೆ ಮಾಡಿ ದನ ನುಗ್ಗಿಸಿದ ಅಂಚುಗಳಲ್ಲೇ ಕಾಯಿಲೆ ಜೋರು ಅಂತ 1960ರ ದಶಕದಲ್ಲೇ ಸಂಶೋಧಕರು ಗಮನಿಸಿದ್ದರು. 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು. ಎರಡೂ ನಮಗೆ ಎಷ್ಟು ಹತ್ತಿರ ಅಂತ ಹೇಳಬೇಕಾಗಿಲ್ಲ.

ಹಾಗಾದರೆ ಇಲಿ ಪಾಷಾಣ ಇಟ್ಟು ಮುಗಿಸೋಣ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಪಾಷಾಣ ತಿಂದ ಇಲಿಯನ್ನು ತಿಂದು ಗೂಬೆ ಸಾಯುತ್ತೆ. ಇಲಿಗೆ ಗೂಬೆ, ಕೇರೆ ಹಾವಿಗಿಂತ ದೊಡ್ಡ ಶತ್ರು ಬೇಕಾ? ಕೆನಡಾದ ವ್ಯಾಂಕೂವರ್ ನಗರದಲ್ಲಿ ಇಲಿ ಹಿಡಿದು ಕೊಂದ ಬೀದಿಗಳಲ್ಲಿ, ಉಳಿದ ಇಲಿಗಳಲ್ಲಿ ಇಲಿಜ್ವರದ ಬ್ಯಾಕ್ಟೀರಿಯಾ ಮೊದಲಿಗಿಂತ ಹೆಚ್ಚಾಗಿತ್ತು. ಇಲಿ ಒಳಗೆ ಬರದ ಹಾಗೆ ಮಾಡೋದೇ ಸರಿಯಾದ ದಾರಿ.

ನನ್ನ ಬೇಡಿಕೆ ಇಷ್ಟೆ. ಗದ್ದೆ, ಬಾಣೆಯನ್ನು ಪರಿವರ್ತನೆ ಮಾಡುವ ಅರ್ಜಿ ಬಂದಾಗ ನೀರು, ರಸ್ತೆ ಕೇಳುವ ಹಾಗೆ ಆರೋಗ್ಯವನ್ನೂ ಕೇಳಲಿ. ದೊಡ್ಡದಾಗಿ ನೆಲ ಬದಲಾಗುವ ಜಾಗದಲ್ಲಿ ಮೊದಲೂ ಆಮೇಲೂ ಇಲಿ ಹಿಡಿದು ರಕ್ತ ಪರೀಕ್ಷೆ ಆಗಲಿ. ಕೊಯ್ಲಿನ ಸಮಯದಲ್ಲಿ ಜ್ವರ ಅಂತ ಬಂದ ಕೂಲಿಯವರಿಗೆ ಸುಮ್ನೆ ಮಾತ್ರೆ ಕೊಟ್ಟು ಕಳಿಸದೆ, ಎಲ್ಲಿ ಮಲಗ್ತೀರಿ, ಏನು ಕೆಲಸ ಮಾಡಿದ್ರಿ ಅಂತ ಕೇಳಲಿ. ದೇವರಕಾಡಿನ ಒಂದು ಗುಂಟೆಯನ್ನೂ ಇನ್ನು ಬಿಟ್ಟುಕೊಡಬಾರದು.

ಆವತ್ತು ನಾವು ಗೋಡೌನಿನ ಎರಡೂ ಬಾಗಿಲು ತೆಗೆದು ಅರ್ಧ ಗಂಟೆ ಹೊರಗೆ ಕೂತೆವು. ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆವು. ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ಆಮೇಲೆ ಅಕ್ಕ ನನ್ನನ್ನು ಲೈನ್ ಮನೆಗೆ ಕರೆದುಕೊಂಡು ಹೋಗಿ ಗೋಡೆಗೂ ಮಾಡಿಗೂ ನಡುವಿನ ಸಂದು ತೋರಿಸಿದರು. ನನ್ನ ಕೈ ಒಳಗೆ ಹೋಗುವಷ್ಟಿತ್ತು. ಇಷ್ಟು ವರ್ಷ ಅದು ನನಗೆ ಕಂಡಿರಲಿಲ್ಲ. ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ತಂದೆವು. ಐದು ಮನೆಗಳಲ್ಲಿ ಮೂರಕ್ಕೆ ಹಾಕಿ ಆಗಿದೆ. ಉಳಿದ ಎರಡಕ್ಕೆ ಈ ಭಾನುವಾರ.