ನಾಲ್ಕು ಚಕ್ರ, ಮೂವತ್ಮೂರು ಪಿಎಸ್‌ಐ

ನಮ್ಮ ಮಾವ ತುಮಕೂರು ಜಿಲ್ಲೆಯ ಅರ್ಧ ಡಜನ್ ಠಾಣೆ ಸುತ್ತಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಕಾರು ತಂದ ದಿನ ನಾನು ಜಂಬದಿಂದ, "ಮಾವ, ಒಂದೊಂದು ಟೈರಲ್ಲೂ 33 ಪಿಎಸ್‌ಐ ಗಾಳಿ ಇರಬೇಕು. ಕಮ್ಮಿಯಾದ್ರೆ ಕಾರೇ ಹೇಳುತ್ತೆ" ಅಂದೆ.

"ಒಂದು ಠಾಣೆಗೆ ಒಬ್ಬ ಪಿಎಸ್‌ಐ ಸಿಗೋದೇ ಕಷ್ಟ ಅಳಿಯಂದ್ರೆ. ನಿಮ್ಮ ಒಂದು ಟೈರಿಗೆ ಮೂವತ್ಮೂರು ಜನವಾ?" ಅಂದರು.

10,000 ಕಿಲೋಮೀಟರ್ ಓಡಿದ ಮೇಲೆ ಟೈರ್ ರೊಟೇಷನ್ ಮಾಡಿಸಿದೆ. ಮುಂದಿನವು ಬೇಗ ಸವೆಯುತ್ತವಲ್ಲ, ಅವು ಹಿಂದಕ್ಕೆ, ಹಿಂದಿನವು ಮುಂದಕ್ಕೆ. ಅಂಗಡಿಯವನು ಬಿಲ್ ಕೊಟ್ಟ, ಟೀ ಕುಡಿಸಿದ. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಆ ಭಾನುವಾರ ತಟ್ಟೆ ಇಡ್ಲಿ ತಿನ್ನೋಣವೆಂದು ಕ್ಯಾತಸಂದ್ರಕ್ಕೆ ಹೊರಟೆವು. ಬಟವಾಡಿ ಹತ್ತಿರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಕುದುರೆ ಲಾಳದಂಥ ಚಿತ್ರ, ಅದರೊಳಗೊಂದು ಆಶ್ಚರ್ಯಸೂಚಕ. ಪರದೆಯಲ್ಲಿ ಮುಂದಿನ ಬಲಗಡೆ ಚಕ್ರ: 24. ಉಳಿದ ಮೂರೂ 33.

ಬಂಕಿಗೆ ತಿರುಗಿಸಿದೆ. ಗಾಳಿ ಹಾಕುವ ಹುಡುಗ ಪೈಪ್ ಸಿಕ್ಕಿಸಿ, "ಸಾರ್, ಇದ್ರಲ್ಲಿ ಸರಿಯಾಗೇ ಇದೆ, 33" ಅಂದ. ಲಕ್ಷಗಟ್ಟಲೆ ಕೊಟ್ಟು ತಂದ ಕಾರು ಸುಳ್ಳು ಹೇಳುತ್ತದೆಯೇ? "ನಿನ್ನ ಮೀಟರ್ ಕೆಟ್ಟಿದೆ, ಇನ್ನೂ ಮೂರು ಹಾಕು" ಅಂದೆ. ಹಾಕಿದ.

ಕಾರು ನಿಂತಾಗ ಟೈರಿನ ಗಾಳಿ ಅಳೆಯುವ ಸೆನ್ಸರ್‌ಗಳು ಬ್ಯಾಟರಿ ಉಳಿಸಲು ನಿದ್ದೆ ಮಾಡುತ್ತವೆ. ಹಾಗಾಗಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದೆ. ಮುಂದಿನ ಬಲ ಇನ್ನೂ 24. ಆದರೆ ಹಿಂದಿನ ಬಲ ತಾನೇ ತಾನಾಗಿ 36! ಬಿಸಿಲಿಗೆ ಉಬ್ಬಿರಬೇಕು ಎಂದು ನಾನೇ ತೀರ್ಪು ಕೊಟ್ಟು, ಹಿಂದಿನ ಬಲದಿಂದ ಮೂರು ಬಿಡಿಸಿದೆ. ಮತ್ತೊಂದು ಸುತ್ತು. ಈಗ ಹಿಂದಿನ ಬಲ 36ರಲ್ಲೇ ಕೂತಿದೆ, ಮುಂದಿನ ಬಲ 21!

ಮುಂದೆ ತುಂಬಿದರೆ ಹಿಂದೆ ಏರುತ್ತದೆ, ಹಿಂದೆ ಬಿಟ್ಟರೆ ಮುಂದೆ ಇಳಿಯುತ್ತದೆ. ಹೆಂಡತಿ, "ರೀ, ದೇವರಾಯನದುರ್ಗಕ್ಕೆ ಹರಕೆ ಏನಾದ್ರೂ ಬಾಕಿ ಇದೆಯಾ?" ಅಂದಳು. ಮೂರನೇ ಸುತ್ತಿಗೆ ಬಂಕಿನ ಹುಡುಗ ನನ್ನನ್ನು ಕಂಡು ಡೀಸೆಲ್ ಲಾರಿಯ ಹಿಂದೆ ಸರಿದುಕೊಂಡ.

ಬಿಡಿಸಿ ಹೇಳಿದ್ದು ಪಕ್ಕದ ಪಂಕ್ಚರ್ ಅಂಗಡಿಯ ಸಾಬರು. ಕೈಯಲ್ಲಿ ಹಿಡಿಯುವ ಹಳೇ ಗೇಜಿನಿಂದ ನಾಲ್ಕೂ ಚಕ್ರ ಅಳೆದು, ಹಿಂದಿನ ಬಲ ಟೈರಿಗೆ ಉಗುಳು ಸವರಿದರು. ಗುಳ್ಳೆ ಬಂತು. ಒಂದಿಂಚಿನ ಮೊಳೆ.

"ಟೈರ್ ಅದಲುಬದಲು ಮಾಡಿಸಿದ್ರಾ ಸಾರ್?"

ಪ್ರತಿ ಚಕ್ರದೊಳಗೆ ವಾಲ್ವ್‌ಗೆ ಅಂಟಿಕೊಂಡಂತೆ ಒಂದು ಸೆನ್ಸರ್. ಪ್ರತಿಯೊಂದಕ್ಕೂ ಬೇರೆ ನಂಬರ್. ಅವು ಗಾಳಿಯ ಲೆಕ್ಕವನ್ನು ರೇಡಿಯೋದಲ್ಲಿ ಕಳಿಸುತ್ತವೆ. ಯಾವ ನಂಬರ್ ಯಾವ ಮೂಲೆಯಲ್ಲಿದೆ ಎಂಬುದು ಕಾರಿನ ನೆನಪಿನಲ್ಲಿರುತ್ತದೆ. ಕೆಲವು ಕಾರು ಒಂದಷ್ಟು ದೂರ ಓಡಿದರೆ ತಾವೇ ಹೊಸ ಜಾಗ ಕಲಿಯುತ್ತವೆ. ನಮ್ಮದಕ್ಕೆ ಮಷೀನ್ ಹಿಡಿದು ಕಲಿಸಬೇಕಂತೆ. (ಎದುರುಮನೆಯವರ ಕಾರಿನ ಚಕ್ರದಲ್ಲಿ ಸೆನ್ಸರೇ ಇಲ್ಲ. ಗಾಳಿ ಇಳಿದ ಟೈರು ಕೊಂಚ ಕುಗ್ಗಿ, ಉಳಿದವಕ್ಕಿಂತ ಜೋರಾಗಿ ಸುತ್ತುತ್ತದೆ. ಬ್ರೇಕಿನ ಎಬಿಎಸ್ ವ್ಯವಸ್ಥೆ ಅದನ್ನು ಎಣಿಸಿ ದೂರು ಕೊಡುತ್ತದೆ. ರೊಟೇಷನ್ ಆದ ಮೇಲೆ ಅವರೂ ಒಂದು ಗುಂಡಿ ಒತ್ತಲೇಬೇಕು.)

ಮಾವನಿಗೆ ಇಷ್ಟೆಲ್ಲ ಬೇಕಾಗಲಿಲ್ಲ. "ಗೊತ್ತಾಯ್ತು ಬಿಡಿ. ಪಿಎಸ್‌ಐಗಳಿಗೆ ವರ್ಗಾವಣೆ ಆಗಿದೆ. ಕಂಟ್ರೋಲ್ ರೂಮಿಗೆ ಇನ್ನೂ ಆರ್ಡರ್ ಕಾಪಿ ಹೋಗಿಲ್ಲ" ಅಂದರು. ನಾನು ಹಳೇ ಠಾಣೆಗೆ ಹೋಗಿ ಹೊಸಬನನ್ನು ಬೈಯುತ್ತಿದ್ದೆ, ಅಷ್ಟೇ.

ಕ್ಯಾತಸಂದ್ರ ತಲುಪುವಷ್ಟರಲ್ಲಿ ಇಡ್ಲಿ ಮುಗಿದಿತ್ತು. ಕಾಫಿ ಸಿಕ್ಕಿತು.

ಮಷೀನ್ ಹಿಡಿಸಲು ಎರಡು ವಾರ ಪುರಸೊತ್ತಾಗಲಿಲ್ಲ. ಅಲ್ಲಿಯವರೆಗೆ ಪರದೆ ಮುಂದೆ ಎಂದರೆ ನಾವು ಹಿಂದೆ ಎಂದುಕೊಂಡೆವು. ಆಮೇಲೆ ಹಿಡಿಸಿದೆ. ಮೊನ್ನೆ ಬೆಳಗಿನ ಚಳಿಯಲ್ಲಿ ಮತ್ತೆ ಹಳದಿ ದೀಪ, ಮುಂದಿನ ಎಡ. ನಾನು ನೇರ ಹೋಗಿ ಹಿಂದಿನ ಎಡ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಳೆ ಹುಡುಕತೊಡಗಿದೆ.

ಒಳಗಿನಿಂದ ಹೆಂಡತಿ ಗಾಜು ಇಳಿಸಿದಳು.

"ರೀ, ಮುಂದಕ್ಕೆ ಬನ್ನಿ. ಅವರು ಚಾರ್ಜ್ ತಗೊಂಡು ಮೂರು ದಿನ ಆಯ್ತು."